ಡಿಸೆಂಬರಿನಲ್ಲೇ ತುಂಬುವ ಸೀಟುಗಳು

ಎಸ್ಸೆಸ್ಸೆಲ್ಸಿ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ನಡೆಯುತ್ತದೆ. ಫಲಿತಾಂಶ ಮೇ ತಿಂಗಳಲ್ಲಿ ಬರುತ್ತದೆ. ಇಲಾಖೆಯ ವೇಳಾಪಟ್ಟಿಯಂತೆ ಪಿಯುಸಿ ಪ್ರವೇಶ ಆರಂಭವಾಗಬೇಕಾದದ್ದು ಅದರ ನಂತರ. ಆದರೆ ನಮ್ಮ ಕರಾವಳಿಯಲ್ಲಿ ಮಕ್ಕಳಿರುವ ಮನೆಯವರಿಗೆಲ್ಲ ಇನ್ನೊಂದು ವೇಳಾಪಟ್ಟಿ ಗೊತ್ತಿದೆ. ಬೇಡಿಕೆಯಿರುವ ಕೆಲವು ಖಾಸಗಿ ಕಾಲೇಜುಗಳ ವಿಜ್ಞಾನ ವಿಭಾಗದ ಸೀಟುಗಳ ಮಾತುಕತೆ ಡಿಸೆಂಬರಿಗೇ ಶುರುವಾಗುತ್ತದೆ. ಒಂದು ಭಾನುವಾರ ಪರೀಕ್ಷೆ, ಮರುವಾರ ಫೋನು, ಅದರ ಹಿಂದೆಯೇ ಮುಂಗಡ. ಹತ್ತನೇ ತರಗತಿಯ ಪಾಠಗಳೇ ಮುಗಿಯದಿರುವಾಗ ಹನ್ನೊಂದನೆಯದರ ಸೀಟು ಹಂಚಿಕೆಯಾಗಿರುತ್ತದೆ.

ಎಲ್ಲರಿಗೂ ಗೊತ್ತಿದೆ ಎಂದೆ. ಅದು ಪೂರ್ತಿ ನಿಜವಲ್ಲ. ಉಡುಪಿ, ಮಣಿಪಾಲದ ದೊಡ್ಡ ಶಾಲೆಗಳ ಮಕ್ಕಳಿಗೆ ಗೊತ್ತಿದೆ. ಅಲ್ಲಿಗೆ ಕಾಲೇಜಿನವರೇ ಬಂದು ಹೇಳುತ್ತಾರೆ. ನಾನು ಕಾರ್ಕಳ ತಾಲೂಕಿನ ಒಂದು ಸಣ್ಣ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಕಾಪುವಿನಲ್ಲಿ. ಕನ್ನಡ ಮಾಧ್ಯಮದ ನಮ್ಮ ಹತ್ತನೇ ತರಗತಿಯಲ್ಲಿ ಮೂವತ್ತು ಮಕ್ಕಳು ತುಂಬಿದರೆ ಅದು ಒಳ್ಳೆಯ ವರ್ಷ. ಇಂಥ ಶಾಲೆಯ ಗೇಟಿನ ತನಕ ಯಾವ ಕಾಲೇಜಿನ ಜೀಪೂ ಬರುವುದಿಲ್ಲ. ನಮ್ಮ ಮಕ್ಕಳಿಗೆ ಸುದ್ದಿ ತಲುಪುವುದು ಮದುವೆ ಮನೆಯಲ್ಲಿ ಸಿಕ್ಕಿದ ಚಿಕ್ಕಮ್ಮನ ಮಗನಿಂದ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ.

ಫಲಿತಾಂಶ ನೋಡಿದರೆ ಈ ಜಿಲ್ಲೆಗೆ ಏನು ಕೊರತೆ ಎಂದು ನೀವು ಕೇಳಬಹುದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇಕಡಾ 94ರೊಂದಿಗೆ ರಾಜ್ಯಕ್ಕೆ ಪ್ರಥಮ. 2025ರ ದ್ವಿತೀಯ ಪಿಯುಸಿಯಲ್ಲೂ ಶೇಕಡಾ 93.90ರೊಂದಿಗೆ ಪ್ರಥಮ. ಹೆಮ್ಮೆಯ ಮಾತೇ. ಆದರೆ ಎಷ್ಟು ಮಂದಿ ಪಾಸಾದರು ಎಂಬುದನ್ನು ಜಿಲ್ಲೆಯ ಸರಾಸರಿ ಹೇಳುತ್ತದೆ. ಪಾಸಾದವರಲ್ಲಿ ಯಾರಿಗೆ ಯಾವ ಬಾಗಿಲು ತೆರೆದಿತ್ತು, ಯಾರು ಹೋಗುವ ಮೊದಲೇ ಅದು ಮುಚ್ಚಿತ್ತು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

2022ರ ಡಿಸೆಂಬರಿನ ಒಂದು ಸಂಗತಿ ಹೇಳುತ್ತೇನೆ. ಆ ವರ್ಷ ನಮ್ಮ ತರಗತಿಯಲ್ಲಿ ಇಬ್ಬರು ಮಕ್ಕಳು ಒಂದು ಖಾಸಗಿ ಕಾಲೇಜಿನ ಭಾನುವಾರದ ಪರೀಕ್ಷೆ ಬರೆದು ಬಂದರು. ಇಬ್ಬರಿಗೂ ಸೀಟು ಸಿಕ್ಕಿತು. ಹುಡುಗನ ತಂದೆ ದುಬೈಯಲ್ಲಿದ್ದರು. ಮರುದಿನವೇ ದುಡ್ಡು ಬಂತು, ಸೀಟು ಗಟ್ಟಿಯಾಯಿತು. ಹುಡುಗಿಯ ತಂದೆ ಗೂಡ್ಸ್ ಆಟೋ ಓಡಿಸುವವರು, ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು. ಪರೀಕ್ಷೆಯಲ್ಲಿ ಅವಳು ಹುಡುಗನಿಗಿಂತ ಮುಂದಿದ್ದಳು. ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಟ್ಟಿದ್ದರು. ಷರತ್ತು ಇಷ್ಟೇ: ಹತ್ತು ದಿನದೊಳಗೆ ಇಪ್ಪತ್ತೈದು ಸಾವಿರ ಕಟ್ಟಬೇಕು, ಆಮೇಲೆ ಬಿಟ್ಟರೆ ಅದು ವಾಪಸು ಬರುವುದಿಲ್ಲ.

ಉಮ್ಮ ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು. “ಸರ್, ಬಂಗಾರ ಅಡವಿಟ್ಟರೆ ಇಪ್ಪತ್ತೈದು ಸಿಗ್ತದೆ. ಜೂನಿಗೆ ಹಾಸ್ಟೆಲಿನದ್ದು, ಫೀಸಿನದ್ದು ಎಲ್ಲಿಂದ ತರುದು? ಆಗ ಬಿಟ್ಟರೆ ಬಂಗಾರವೂ ಹೋಯ್ತು, ಸೀಟೂ ಹೋಯ್ತು.” ಅವರು ಶಾಲೆ ಕಲಿತದ್ದು ಐದನೆಯ ತನಕ. ಆದರೆ ಲೆಕ್ಕದಲ್ಲಿ ಒಂದಿನಿತೂ ತಪ್ಪಿರಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ. ಹಿಜಾಬ್ ವಿವಾದ ಉಡುಪಿಯಿಂದಲೇ ಎದ್ದು ಆಗ ಒಂದು ವರ್ಷವಾಗಿತ್ತಷ್ಟೆ. 2022ರ ಮಾರ್ಚ್ 15ಕ್ಕೆ ಹೈಕೋರ್ಟಿನ ತೀರ್ಪು ಬಂದಿತ್ತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಿದ್ದರು. ಹೆಣ್ಣುಮಗುವಿಗೆ ಕಾಲೇಜು ಹುಡುಕುವ ನಮ್ಮ ಮನೆಗಳಲ್ಲಿ ಶುಲ್ಕ ಮತ್ತು ದೂರದ ಜೊತೆಗೆ ಈ ಮೂರನೆಯ ಚಿಂತೆಯೂ ಸೇರಿಕೊಂಡಿತ್ತು. ಉತ್ತರ ಕೊಟ್ಟದ್ದು ಹುಡುಗಿಯೇ. “ಇಲ್ಲಿ ಕ್ಲಾಸಿಗೆ ಹೋಗುವಾಗ ತೆಗೆದಿಡ್ತೇನಲ್ಲ ಉಮ್ಮ, ಅಲ್ಲಿಯೂ ಹಾಗೇ ಮಾಡ್ತೇನೆ. ಓದು ಬಿಡುದಿಲ್ಲ.” ಹದಿನೈದು ವರ್ಷದ ಮಗು ಹಾಗೆ ಹೇಳಬೇಕಾಗಿ ಬಂದದ್ದರ ಬಗ್ಗೆ ದೊಡ್ಡವರು ಯೋಚಿಸಲಿ. ಅವಳಂತೂ ಯೋಚಿಸಿ ಮುಗಿಸಿದ್ದಳು.

ಅವರು ಮುಂಗಡ ಕಟ್ಟಲಿಲ್ಲ. 2023ರ ಮೇ ತಿಂಗಳಲ್ಲಿ ಅವಳಿಗೆ 625ರಲ್ಲಿ 598 ಅಂಕ ಬಂತು. ಫೋನು ಮಾಡಿ ಕೇಳಿದಾಗ ಆ ಕಾಲೇಜಿನಲ್ಲಿ ರಿಯಾಯಿತಿಯ ಸೀಟುಗಳು ಮುಗಿದಿದ್ದವು. ಅವಳು ಸರಕಾರಿ ಪದವಿಪೂರ್ವ ಕಾಲೇಜಿಗೆ ಸೇರಿದಳು. ಕನ್ನಡದಿಂದ ಇಂಗ್ಲಿಷಿಗೆ ಹೊರಳಿದ ಮೊದಲ ಆರು ತಿಂಗಳು ಕಷ್ಟಪಟ್ಟಳು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಯಿತು. ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ ಆದ್ದರಿಂದ ಅವಳು ಎರಡು ವರ್ಷವೂ ಟಿಕೆಟಿಗೆ ದುಡ್ಡು ಕೊಟ್ಟಳು. ವೈದ್ಯೆಯಾಗಬೇಕೆಂದಿದ್ದಳು, ನೀಟ್‌ನಲ್ಲಿ ಅಷ್ಟು ಅಂಕ ಬರಲಿಲ್ಲ. 2025ರಲ್ಲಿ ಸಿಇಟಿ ಕೌನ್ಸೆಲಿಂಗ್ ಮೂಲಕ ಬಿಎಸ್ಸಿ ನರ್ಸಿಂಗ್‌ಗೆ ಸೇರಿದಳು. ಹುಡುಗ ಎಂಜಿನಿಯರಿಂಗ್ ಓದಲು ಹೋದ. ಅವನೂ ಕಷ್ಟಪಟ್ಟು ಓದಿದವನೇ. ಅವನ ಪಾಲಿನದು ಅವನಿಗೆ ದಕ್ಕಿತು.

ಡಿಸೆಂಬರಿನಲ್ಲಿ ಬಂಗಾರ ಅಡವಿಟ್ಟಿದ್ದರೆ ಅವಳು ಇಂದು ಎಂಬಿಬಿಎಸ್ ಓದುತ್ತಿದ್ದಳೇ? ಅದನ್ನು ಯಾರೂ ಹೇಳಲಾರರು. ಆದರೆ ಒಂದು ವಿಷಯ ಖಚಿತವಾಗಿ ಹೇಳಬಹುದು. ಸರಕಾರಿ ಶಾಲೆ ಕಾಲೇಜುಗಳಲ್ಲಿ ಹತ್ತನೇ ಮತ್ತು ಹನ್ನೆರಡನೇ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಪದವಿ ಓದಲು ವರ್ಷಕ್ಕೆ 30,000 ರೂಪಾಯಿ ಕೊಡುವ ಅಝೀಂ ಪ್ರೇಮ್‌ಜಿ ಫೌಂಡೇಶನ್‌ನ ವಿದ್ಯಾರ್ಥಿವೇತನ 2025ರಲ್ಲಿ ಕರ್ನಾಟಕಕ್ಕೂ ಬಂತು. ಅದು ಅವಳಿಗೆ ಸಿಕ್ಕಿತು. ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಾಡಿದ್ದರೆ ಆ ಅರ್ಹತೆಯೇ ಇರುತ್ತಿರಲಿಲ್ಲ. ಅವಸರದಲ್ಲಿ ಹಿಡಿದ ಒಂದು ಸೀಟು ಮುಂದಿನ ಇನ್ನೊಂದು ಬಾಗಿಲನ್ನು ಹೀಗೂ ಮುಚ್ಚಬಹುದು.

ನನ್ನ ತಕರಾರು ಯಾವುದೋ ಒಂದು ಕಾಲೇಜಿನ ಮೇಲಲ್ಲ. ಒಳ್ಳೆಯ ವಿದ್ಯಾರ್ಥಿಗಳನ್ನು ಮೊದಲೇ ಹಿಡಿದಿಡಬೇಕೆಂದು ಸಂಸ್ಥೆಗಳಿಗೆ ಅನಿಸುವುದು ಸಹಜ. ಅಮೆರಿಕದಲ್ಲೂ ಇದೇ ಇದೆ. ನವೆಂಬರಿನಲ್ಲೇ ಒಂದು ಕಾಲೇಜಿಗೆ ಅರ್ಜಿ ಹಾಕಿ, ಸೀಟು ಕೊಟ್ಟರೆ ಬೇರೆಲ್ಲಿಗೂ ಹೋಗುವುದಿಲ್ಲ ಎಂದು ಬರೆದುಕೊಡುವ ಪದ್ಧತಿ ಅಲ್ಲಿದೆ. ಎಲ್ಲೆಲ್ಲಿ ಎಷ್ಟು ಧನಸಹಾಯ ಸಿಗುತ್ತದೆ ಎಂದು ಹೋಲಿಸಿ ನೋಡಬೇಕಾದ ಬಡ ಮನೆಯ ಮಕ್ಕಳು ಹಾಗೆ ಬರೆದುಕೊಡುವುದು ಹೇಗೆ? 2006ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್, ಅದರ ಬೆನ್ನಿಗೇ ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು ಮುಂಚಿತ ಪ್ರವೇಶವನ್ನು ನಿಲ್ಲಿಸುವುದಾಗಿ ಸಾರಿದವು. ಅನುಕೂಲಸ್ಥರ ಮಕ್ಕಳಿಗೆ ಅದರಿಂದ ಇನ್ನಷ್ಟು ಅನುಕೂಲವಾಗುತ್ತಿದೆ ಎಂಬುದು ಅವರ ಕಾರಣವಾಗಿತ್ತು. ಉಳಿದ ಹೆಚ್ಚಿನ ಸಂಸ್ಥೆಗಳು ಹಿಂಬಾಲಿಸಲಿಲ್ಲ. 2011ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಎರಡೂ ಮುಂಚಿತ ಪ್ರವೇಶಕ್ಕೆ ಮರಳಿದವು. ಅಷ್ಟು ದೊಡ್ಡ ಸಂಸ್ಥೆಗಳಿಂದಲೇ ಒಂಟಿಯಾಗಿ ನಿಲ್ಲಲು ಆಗಲಿಲ್ಲ.

ಹಾಗಾದರೆ ಪರಿಹಾರವೇ ಇಲ್ಲವೇ? ಇದೆ. ಅದನ್ನು ನಮ್ಮ ರಾಜ್ಯವೇ ಒಮ್ಮೆ ಮಾಡಿ ತೋರಿಸಿದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಖಾಸಗಿ ವೃತ್ತಿ ಶಿಕ್ಷಣ ಕರ್ನಾಟಕದಲ್ಲಿ ಬಹಳ ಬೆಳೆಯಿತು. ಅದರ ಜೊತೆಗೆ ಕ್ಯಾಪಿಟೇಶನ್ ಎಂಬ ಮಾತೂ ಮನೆಮಾತಾಯಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. 1992 ಮತ್ತು 1993ರಲ್ಲಿ ಸುಪ್ರೀಂ ಕೋರ್ಟಿನ ಮೋಹಿನಿ ಜೈನ್, ಉನ್ನಿಕೃಷ್ಣನ್ ತೀರ್ಪುಗಳು ಬಂದವು. 1994ರಲ್ಲಿ ಸಿಇಟಿ ಆರಂಭವಾಯಿತು. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅನುದಾನರಹಿತ ಸಂಸ್ಥೆಗಳ ಸ್ವಾಯತ್ತೆಯನ್ನು ಒಪ್ಪಿತು. ಆದರೆ ಪ್ರವೇಶ ನ್ಯಾಯವಾಗಿರಬೇಕು, ಪಾರದರ್ಶಕವಾಗಿರಬೇಕು ಎಂದೂ ಹೇಳಿತು.

ಸಿಇಟಿಯಲ್ಲಿ ನೂರು ಕುಂದುಗಳಿರಬಹುದು. ಕೋಚಿಂಗಿಗೆ ದುಡ್ಡಿದ್ದವರು ಅಲ್ಲೂ ಮುಂದೆಯೇ. ಆದರೆ ಅದರ ಒಂದು ಗುಣವನ್ನು ನಾವು ಸಾಕಷ್ಟು ಗಮನಿಸಿಲ್ಲ: ಅಲ್ಲಿ ಬಾಗಿಲು ಎಲ್ಲರಿಗೂ ಒಂದೇ ದಿನ ತೆರೆಯುತ್ತದೆ. ಕಾರ್ಕಳದ ಒಳಹಳ್ಳಿಯ ಮಗುವಿಗೂ ಬೆಂಗಳೂರಿನ ಮಗುವಿಗೂ ಪರೀಕ್ಷೆಯ ದಿನ ಒಂದೇ, ಆಯ್ಕೆ ತುಂಬುವ ದಿನವೂ ಒಂದೇ. ಡಿಸೆಂಬರಿನಲ್ಲಿ ಯಾರೂ ಯಾರಿಗೂ ಫೋನು ಮಾಡಿ ಸರಕಾರಿ ಕೋಟಾದ ಸೀಟು ಕಾದಿರಿಸಲಾಗದು. ಪಿಯುಸಿ ಪ್ರವೇಶಕ್ಕೆ ಅಂಥದೊಂದು ದಿನ ಕಾಗದದ ಮೇಲೆ ಮಾತ್ರ ಇದೆ. ಅದನ್ನು ಜಾರಿಗೆ ತರುವುದು ಇಲಾಖೆಯ ಕೆಲಸ. ಫಲಿತಾಂಶ ಬರುವ ತನಕ ಕೆಲವು ರಿಯಾಯಿತಿ ಸೀಟುಗಳನ್ನಾದರೂ ಖಾಲಿ ಇಟ್ಟುಕೊಳ್ಳುವುದು ಕಾಲೇಜುಗಳ ಕೈಯಲ್ಲೇ ಇದೆ. ನಮ್ಮ ಸಮುದಾಯದವರು ನಡೆಸುವ ಕಾಲೇಜುಗಳಿಗೂ ಈ ಮಾತು ಸಲ್ಲುತ್ತದೆ.

ಅದಾಗುವ ತನಕ ನಾವೇನು ಮಾಡಬಹುದು? ನಮ್ಮ ಶಾಲೆಯಲ್ಲಿ 2023ರಿಂದ ಒಂದು ಸಣ್ಣ ಕೆಲಸ ಮಾಡುತ್ತಿದ್ದೇವೆ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ತರಗತಿವಾರು ಅವಕಾಶಗಳನ್ನು, ಆ ವರ್ಷದ ಕೊನೆಯ ದಿನಾಂಕಗಳನ್ನು ಬರೆಯುತ್ತೇವೆ. ಮೊದಲ ಸಾಲು ಐದನೇ ತರಗತಿಯದು, ಪಕ್ಕದ ಪ್ರಾಥಮಿಕ ಶಾಲೆಗಾಗಿ: ಹೆಬ್ರಿ ಬಳಿಯ ಚಾರದಲ್ಲಿರುವ ನವೋದಯ ವಿದ್ಯಾಲಯದ ಆರನೇ ತರಗತಿಗೆ ಆಗಲೇ ಅರ್ಜಿ ಹಾಕಬೇಕು; ಅಲ್ಲಿ ಕನಿಷ್ಠ ಶೇಕಡಾ 75 ಸೀಟುಗಳು ಗ್ರಾಮೀಣ ಮಕ್ಕಳಿಗೆ. ಎಂಟನೆಯದಕ್ಕೆ ಎನ್‌ಎಂಎಂಎಸ್ ಪರೀಕ್ಷೆ: ಕುಟುಂಬದ ಆದಾಯ ಮೂರೂವರೆ ಲಕ್ಷ ಮೀರದಿದ್ದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. ಹತ್ತನೆಯದರ ಮಕ್ಕಳಿಗೆ: ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮದ ಪ್ರಮಾಣಪತ್ರ. ಸಿಇಟಿಯಲ್ಲಿ ಮೊದಲನೆಯದಕ್ಕೆ ಶೇಕಡಾ 15, ಎರಡನೆಯದಕ್ಕೆ ಶೇಕಡಾ 5 ಸೀಟುಗಳಿವೆ. ಕನ್ನಡ ಮಾಧ್ಯಮ ಎಂದರೆ ಹಿನ್ನಡೆ ಎಂದೇ ತಿಳಿದಿದ್ದ ಮಕ್ಕಳು ಈ ಸಾಲನ್ನು ಎರಡೆರಡು ಸಲ ಓದುತ್ತಾರೆ. ಪಿಯುಸಿಗೆ ಹೋಗುವವರಿಗಾಗಿ ಇನ್ನೊಂದು ಸಾಲು: ನೀಟ್ ಮತ್ತು ಜೆಇಇ ಮೈನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ವೃತ್ತಿ ಶಿಕ್ಷಣಕ್ಕೆ ಸೀಟು ಪಡೆದ ಅಲ್ಪಸಂಖ್ಯಾತ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ ಎಂದೂ ಬರೆದಿದ್ದೇವೆ.

ಹಾಳೆಯ ಕೆಳಗೆ ತಂದೆತಾಯಿಗಳಿಗಾಗಿ ಮೂರು ಪ್ರಶ್ನೆಗಳಿವೆ. ಮುಂಗಡ ಕಟ್ಟಿದರೆ ವಾಪಸು ಬರುತ್ತದೆಯೇ? ಹಾಸ್ಟೆಲ್, ಪುಸ್ತಕ, ಕೋಚಿಂಗ್ ಸೇರಿ ಎರಡು ವರ್ಷಕ್ಕೆ ಒಟ್ಟು ಎಷ್ಟೆಂದು ಬರೆದುಕೊಡುತ್ತೀರಾ? ರಿಯಾಯಿತಿ ಎರಡನೇ ವರ್ಷಕ್ಕೂ ಇದೆಯೇ? ಈ ಮೂರಕ್ಕೂ ಕಾಗದದಲ್ಲಿ ಉತ್ತರ ಸಿಗದೆ ಸಹಿ ಹಾಕಬೇಡಿ ಎಂದು ಹೇಳುತ್ತೇವೆ. ಸೀಟು ಕೈತಪ್ಪುತ್ತದೆ ಎಂದು ಹೆದರಿಸಿದರೂ ಒಂದು ರಾತ್ರಿ ಯೋಚಿಸಿ ಎನ್ನುತ್ತೇವೆ.

ಇದರಿಂದ ಎಲ್ಲವೂ ಸರಿಯಾಗುವುದಿಲ್ಲ. ಮಾಹಿತಿ ಸಿಕ್ಕಿದರೂ ಇಪ್ಪತ್ತೈದು ಸಾವಿರ ಸಿಕ್ಕುವುದಿಲ್ಲವಲ್ಲ! ಇಲ್ಲಿ ನಮ್ಮ ಜಮಾಅತುಗಳಿಗೆ, ಗಲ್ಫ್‌ನಲ್ಲಿರುವ ಊರಿನವರ ಸಂಘಟನೆಗಳಿಗೆ ಒಂದು ವಿನಂತಿಯಿದೆ. ಫಲಿತಾಂಶದ ನಂತರ ಶಾಲು ಹೊದಿಸಿ ಸ್ಮರಣಿಕೆ ಕೊಡುವ ಸನ್ಮಾನ ಸಮಾರಂಭಗಳು ಬಹಳ ಆಗುತ್ತಿವೆ, ಸಂತೋಷ. ಆದರೆ ಜೂನ್‌ನಲ್ಲಿ ಖರ್ಚಾಗುವ ಆ ಹಣದ ಒಂದು ಪಾಲು ಡಿಸೆಂಬರಿನಲ್ಲಿ ಬಡ್ಡಿಯಿಲ್ಲದ ಸಾಲವಾಗಿ ಸಿಗುವಂತಾಗಲಿ. ಪ್ರತಿ ಊರಿನಲ್ಲಿ ಪಿಯುಸಿ, ಪದವಿ ಮುಗಿಸಿದ ಯಾರಾದರೊಬ್ಬರು ಹತ್ತಿರದ ಹೈಸ್ಕೂಲಿಗೆ ಆಗಸ್ಟ್ ತಿಂಗಳಲ್ಲಿ ಒಂದು ದಿನ ಹೋಗಲಿ. ಯಾವ ಜಾತಿ, ಯಾವ ಧರ್ಮದ ಮಗುವೆಂದು ನೋಡದೆ ಹತ್ತನೇ ತರಗತಿಯ ಎಲ್ಲರನ್ನೂ ಕೂರಿಸಿ ಈ ದಿನಾಂಕಗಳನ್ನು ಹೇಳಲಿ. ನಮ್ಮ ಆ ವಿದ್ಯಾರ್ಥಿನಿ ಕಳೆದ ರಜೆಯಲ್ಲಿ ಬಂದು ಹಾಗೆ ಹೇಳಿ ಹೋದಳು. ಹಾಳೆಯಲ್ಲಿ ನಾವು ಬಿಟ್ಟಿದ್ದ ಎರಡು ವಿದ್ಯಾರ್ಥಿವೇತನಗಳನ್ನು ತನ್ನ ಕೈಯಿಂದಲೇ ಸೇರಿಸಿದಳು.