ಒಂಬತ್ತನೇ ಕ್ಲಾಸಿನ ಹುಡುಗಿ, ಸ್ಟುಟ್‌ಗಾರ್ಟಿನ ಶಾಲೆ

"ಮಕ್ಕಳಲ್ವಾ, ಆರು ತಿಂಗಳಲ್ಲಿ ಭಾಷೆ ತಾನಾಗೇ ಬಂದ್ಬಿಡುತ್ತೆ. ನೀವ್ಯಾಕೆ ತಲೆ ಕೆಡಿಸ್ಕೋತೀರಾ?"

ಜಯನಗರದ ಹಾಲಿನ ಬೂತೊಂದರ ಮುಂದೆ ಬೆಳಗ್ಗೆ ಆರೂವರೆಗೆ ಹಿರಿಯರೊಬ್ಬರು ಕೊಟ್ಟ ಅಭಯ ಇದು. ಕೇಳಿಸಿಕೊಂಡವರು ಸ್ಟುಟ್‌ಗಾರ್ಟಿಗೆ ಹೊರಟು ನಿಂತ ದಂಪತಿ. ಜೊತೆಗೆ ಒಂಬತ್ತನೇ ಕ್ಲಾಸಿನ ಮಗಳು. ಅಭಯ ಸಿಕ್ಕಿದ್ದು ಅಪ್ಪ ಅಮ್ಮನಿಗೆ. ಆ ಆರು ತಿಂಗಳು ಪರಭಾಷೆಯ ತರಗತಿಯಲ್ಲಿ ಬಾಯಿ ಕಟ್ಟಿಕೊಂಡು ಕೂರಬೇಕಾದವಳು ಮಗಳು. ಅವಳನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಪಕ್ಕದಲ್ಲಿ ಚಿಲ್ಲರೆಗೆ ಕಾಯುತ್ತಿದ್ದ ಬರಹಗಾರನನ್ನು ಆ ಮಾತು ಮನೆಯವರೆಗೂ ಹಿಂಬಾಲಿಸಿತು, ಕಾಫಿ ಕುಡಿದರೂ ಬಿಡಲಿಲ್ಲ.

ಬೆಂಗಳೂರಿನಿಂದ ಸ್ಟುಟ್‌ಗಾರ್ಟಿಗೆ ದಾರಿ ಹಳೆಯದು. ಬಾಷ್ ಕಂಪನಿಯ ಕೇಂದ್ರ ಕಚೇರಿ ಸ್ಟುಟ್‌ಗಾರ್ಟಿನ ಪಕ್ಕದ ಗೆರ್ಲಿಂಗೆನ್‌ನಲ್ಲಿದೆ. ಅದೇ ಬಾಷ್‌ನ ಬಳಗದ, ಆಡುಗೋಡಿಯ ಮೈಕೋ ಕಾರ್ಖಾನೆಯನ್ನು ನೋಡುತ್ತಾ ಬೆಳೆದವರಿಗೆ ಆ ನಂಟು ಗೊತ್ತು. ವಾಲ್‌ಡಾರ್ಫ್‌ನ ಎಸ್‌ಎಪಿ, ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಬೆಂಜ್ ಕೂಡ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳನ್ನು ಇಟ್ಟುಕೊಂಡಿವೆ. ಮೊದಲೆಲ್ಲ ಹೋಗುತ್ತಿದ್ದವರು ಮದುವೆಯಾಗದ ಹುಡುಗರು, ಇಲ್ಲವೇ ಕೈಗೂಸಿನ ದಂಪತಿ. ಈಗ ಹದಿಮೂರು, ಹದಿನಾಲ್ಕರ ಮಕ್ಕಳನ್ನು ಕಟ್ಟಿಕೊಂಡು ಹೊರಡುವವರೂ ಇದ್ದಾರೆ. ವೀಸಾ, ಬಾಡಿಗೆ ಮನೆ, ಚಳಿಗಾಲದ ಕೋಟು, ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ. ಕಷ್ಟದ ಪ್ರಶ್ನೆ ಶಾಲೆಯದು.

ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. 1978ರಲ್ಲಿ ಕ್ಯಾಥರಿನ್ ಸ್ನೋ ಮತ್ತು ಮರಿಯನ್ ಹೂಫ್ನಾಗೆಲ್-ಹೋಲೆ ಎಂಬ ಇಬ್ಬರು ಸಂಶೋಧಕಿಯರು ನೆದರ್‌ಲೆಂಡ್ಸ್‌ಗೆ ಬಂದಿಳಿದ ಇಂಗ್ಲಿಷ್ ಮಾತಿನವರು ಡಚ್ ಭಾಷೆಯನ್ನು ಹೇಗೆ ಕಲಿಯುತ್ತಾರೆಂದು ಅಧ್ಯಯನ ಮಾಡಿ ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ವೇಗವಾಗಿ ಮುಂದೆ ಹೋದವರಲ್ಲಿ ಹನ್ನೆರಡರಿಂದ ಹದಿನೈದು ವರ್ಷದವರಿದ್ದರು. ಮೂರರಿಂದ ಐದು ವರ್ಷದ ಪುಟಾಣಿಗಳು ಹಿಂದೆ ಉಳಿದವು. ಅಂದರೆ ಹದಿಹರೆಯದವರ ತಲೆಗೆ ತುಕ್ಕು ಹಿಡಿದಿಲ್ಲ. ಓದು, ಬರಹ, ವ್ಯಾಕರಣ ಒಮ್ಮೆ ಒಂದು ಭಾಷೆಯಲ್ಲಿ ಕೈವಶವಾಗಿದ್ದರೆ ಎರಡನೆಯದರಲ್ಲಿ ಅದು ಊರುಗೋಲಾಗುತ್ತದೆ.

ಆದರೆ ಶಾಲೆ ಕಾಯುವುದಿಲ್ಲ. ಕೆನಡಾದ ಜಿಮ್ ಕಮಿನ್ಸ್ 1979ರಿಂದ ಹೇಳುತ್ತಾ ಬಂದದ್ದು ಇದೇ: ಆಟದ ಮೈದಾನದ ಭಾಷೆ ಎರಡು ವರ್ಷದೊಳಗೆ ಬರುತ್ತದೆ, ಪಾಠಪುಸ್ತಕದ ಭಾಷೆಯಲ್ಲಿ ಸಹಪಾಠಿಗಳ ಸಮ ನಿಲ್ಲಲು ಐದರಿಂದ ಏಳು ವರ್ಷ ಬೇಕು. ನಾಲ್ಕು ವರ್ಷದ ಮಗುವಿಗೆ ಏಳು ವರ್ಷ ಧಾರಾಳವಾಗಿ ಇದೆ. ಹದಿನಾಲ್ಕರ ಹುಡುಗಿಗೆ ನಾಲ್ಕು ವರ್ಷದಲ್ಲಿ ಶಾಲೆಯೇ ಮುಗಿಯುತ್ತದೆ. ಬೇಕರಿಯಲ್ಲಿ ಬ್ರೆಡ್ ಕೇಳಲು ಬಂದರೆ ಸಾಲದು. ದ್ಯುತಿಸಂಶ್ಲೇಷಣೆಯನ್ನು, ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ಅವಳು ಜರ್ಮನ್‌ನಲ್ಲಿ ಎರಡು ಪುಟ ಬರೆಯಬೇಕು. "ತಾನಾಗೇ ಬರುತ್ತೆ" ಅನ್ನುವ ಅಭಯ ಮರೆಸುವುದು ಈ ಎರಡು ಪುಟಗಳನ್ನು.

ಜರ್ಮನಿಯಲ್ಲಿ ಶಿಕ್ಷಣ ಆಯಾ ರಾಜ್ಯಗಳ ಅಧಿಕಾರ. ರಾಜ್ಯ 16, ಪದ್ಧತಿಯೂ 16. ಹೆಚ್ಚಿನ ಕಡೆ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರು. ಅಲ್ಲಿಂದ ಮಕ್ಕಳು ಬೇರೆಬೇರೆ ದಾರಿ ಹಿಡಿಯುತ್ತಾರೆ. ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದ ಗಿಮ್ನಾಸಿಯುಮ್ ಒಂದು. ಹತ್ತನೇ ತರಗತಿಗೆ ಒಂದು ಪ್ರಮಾಣಪತ್ರ ಕೊಡುವ ರೆಯಾಲ್‌ಶೂಲ ಇನ್ನೊಂದು. ಕಸುಬಿನ ತರಬೇತಿಗೆ ಹತ್ತಿರವಾದ ಶಾಲೆ ಮತ್ತೊಂದು. ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟ ಶಾಲೆಗಳೂ ಉಂಟು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಭಾಷೆ ಬರುವವರೆಗೆ ಮನೆಯಲ್ಲೇ ಓದಿಸೋಣ ಅನ್ನುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಅಲ್ಲಿ ಶಾಲೆಗೆ ಹೋಗುವುದು ಕಡ್ಡಾಯ, ಮನೆಶಾಲೆಯನ್ನು ಕಾನೂನು ಒಪ್ಪುವುದಿಲ್ಲ.

ಭಾಷೆ ಗೊತ್ತಿಲ್ಲದೆ ಬಂದ ಮಕ್ಕಳಿಗೆಂದೇ ಪೂರ್ವಸಿದ್ಧತೆಯ ತರಗತಿಗಳಿವೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಫೋರ್‌ಬೆರೈಟುಂಗ್ಸ್‌ಕ್ಲಾಸ, ಬವೇರಿಯಾದಲ್ಲಿ ಡಾಯ್ಚ್‌ಕ್ಲಾಸ, ಬರ್ಲಿನ್‌ನಲ್ಲಿ ವಿಲ್ಕೊಮ್ಮೆನ್ಸ್‌ಕ್ಲಾಸ. ದಿನದ ದೊಡ್ಡ ಪಾಲು ಜರ್ಮನ್ ಕಲಿಕೆ. ಗಣಿತ, ಸಂಗೀತ, ಆಟೋಟಗಳಿಗೆ ಮೆಲ್ಲಗೆ ಸಾಮಾನ್ಯ ತರಗತಿಗೆ ಕಳಿಸುತ್ತಾರೆ. ಈ ತರಗತಿ ಎಲ್ಲ ಶಾಲೆಯಲ್ಲೂ ಇರುವುದಿಲ್ಲ. ಆದ್ದರಿಂದ ಮನೆಯ ಕರಾರಿಗೆ ಸಹಿ ಹಾಕುವ ಮೊದಲು, ಆ ಬಡಾವಣೆಯ ಸುತ್ತ ಯಾವ ಶಾಲೆಯಲ್ಲಿ ಅದು ಉಂಟೆಂದು ಅಲ್ಲಿನ ಶಿಕ್ಷಣ ಕಚೇರಿಗೆ ಇಮೇಲ್ ಹಾಕಿ ಕೇಳಬೇಕು. ಅಡುಗೆಮನೆ ಎಷ್ಟು ದೊಡ್ಡದು ಅನ್ನುವುದು ಆಮೇಲೆ.

ಗಣಿತದ ಮಾತು ಬಂದಾಗ ಬರಹಗಾರನಿಗೆ ಸುಮ್ಮನಿರಲು ಆಗುವುದಿಲ್ಲ. "ನಮ್ಮ ಮಕ್ಕಳಿಗೆ ಮ್ಯಾತ್ಸ್ ಗಟ್ಟಿ, ಅದಕ್ಕೆ ಭಾಷೆ ಬೇಡ" ಎಂದು ಎಲ್ಲ ಅಪ್ಪಂದಿರೂ ನಂಬಿರುತ್ತಾರೆ. ಅಂಕಿಗೂ ಊರೂರಿಗೊಂದು ನಡೆ ಇದೆ. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರ ಬಿಡಿಸಲು ಚುಕ್ಕೆ. 1.350 ಎಂದು ಬರೆದಿದ್ದರೆ ಅದು ಒಂದು ಸಾವಿರದ ಮುನ್ನೂರೈವತ್ತು. ಒಂದೂವರೆಗೆ 1,5. ಗುಣಾಕಾರಕ್ಕೆ ನಡುವೆ ಒಂದು ಚುಕ್ಕೆ, ಭಾಗಾಕಾರಕ್ಕೆ ಮೇಲೆ ಕೆಳಗೆ ಎರಡು. ಒಂದಕ್ಕೆ ಉದ್ದ ಮೂಗು ಎಳೆಯುತ್ತಾರಾದ್ದರಿಂದ ನಮ್ಮ ಕಣ್ಣಿಗೆ ಅದು ಏಳು. ನಿಜವಾದ ಏಳಿಗೆ ಸೊಂಟದಲ್ಲಿ ಅಡ್ಡಗೆರೆ. ಉದ್ದ ಭಾಗಾಕಾರ ಮಾಡುವಾಗ ಭಾಗಲಬ್ಧ ಬಲಗಡೆ, ಸಮ ಚಿಹ್ನೆಯ ಆಚೆ ಕೂರುತ್ತದೆ. ಮೇಷ್ಟ್ರು ಬಾಯಲ್ಲಿ ಲೆಕ್ಕ ಹೇಳಿದರಂತೂ ಇನ್ನೂ ತೊಡಕು. ಕನ್ನಡದವರು ಹತ್ತನ್ನು ಮೊದಲು ಹೇಳಿ ಬಿಡಿಯನ್ನು ಆಮೇಲೆ ಹೇಳುವವರು. ಜರ್ಮನ್ನರು ಬಿಡಿಯನ್ನು ಮೊದಲು ಹೇಳುತ್ತಾರೆ. 47 ಎಂದು ಕಿವಿಗೆ ಬಿದ್ದದ್ದು ನೋಟ್‌ಬುಕ್ಕಿನಲ್ಲಿ 74 ಆಗಿ, ಲೆಕ್ಕವೆಲ್ಲ ಸರಿಯಾಗಿಯೂ ಉತ್ತರ ತಪ್ಪುತ್ತದೆ.

ನಾರ್ವೆಯವರೂ ಹಿಂದೆ ಹೀಗೇ ಹೇಳುತ್ತಿದ್ದರು. ಟೆಲಿಫೋನ್ ನಂಬರು ಹೇಳುವಾಗ ಗೊಂದಲ ಹೆಚ್ಚಿ, 1951ರಲ್ಲಿ ಅಲ್ಲಿನ ಸರ್ಕಾರ ಹತ್ತನ್ನು ಮೊದಲು ಹೇಳುವ ಪದ್ಧತಿಯನ್ನು ಶಾಲೆಗಳಿಗೂ ರೇಡಿಯೋಗೂ ತಂದಿತು. ಜರ್ಮನಿಯಲ್ಲೂ ಆ ಬದಲಾವಣೆ ಆಗಬೇಕೆಂದು ಹೋರಾಡುವ ಸಂಘವೊಂದಿದೆ. ಬರಹಗಾರನ ಮತ ಪೂರ್ತಿ ಆ ಸಂಘದ ಪರ. ಅಲ್ಲಿಯವರೆಗೆ, ಹೊರಡುವ ಮುಂಚೆ ಮಗುವಿಗೆ ಏನಾದರೂ ಒಂದೇ ಒಂದನ್ನು ಕಲಿಸಲು ಪುರುಸೊತ್ತಿದ್ದರೆ ಒಂದರಿಂದ ನೂರರವರೆಗಿನ ಜರ್ಮನ್ ಎಣಿಕೆ ಕಲಿಸಬೇಕು, ಕಿವಿಯಿಂದ ಕೈಗೆ ಇಳಿಯುವವರೆಗೆ. ಗಣಿತದ ತರಗತಿಯಲ್ಲಿ ಮೊದಲ ವಾರವೇ ಕೈ ಎತ್ತಿ ಸರಿಯುತ್ತರ ಹೇಳಿದ ಹುಡುಗಿಗೆ ಉಳಿದ ತರಗತಿಗಳಲ್ಲಿ ಸುಮ್ಮನೆ ಕೂರುವ ಶಕ್ತಿಯೂ ಬರುತ್ತದೆ.

ಮಕ್ಕಳನ್ನು ಭಾಷೆಯಿಂದ ಭಾಷೆಗೆ ದಾಟಿಸುವ ಈ ವ್ಯವಹಾರ ನಮ್ಮ ಕರಾವಳಿಗೂ ಜರ್ಮನ್ ನಾಡಿಗೂ ನಡುವೆ ಇಂದು ಶುರುವಾದದ್ದಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮಿಷನರಿ ಹರ್ಮನ್ ಮೊಗ್ಲಿಂಗ್ ಸ್ಟುಟ್‌ಗಾರ್ಟಿನ ಸೀಮೆಯವನೇ. ಕಣ್ಣು ಮುಚ್ಚಿದ್ದು ಸ್ಟುಟ್‌ಗಾರ್ಟಿನ ನೆರೆಯ ಎಸ್ಲಿಂಗೆನ್‌ನಲ್ಲಿ. ಅವನು 1846ರಲ್ಲಿ ಊರಿಗೆ ಹೋಗುವಾಗ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ತರುಣನನ್ನು ಜೊತೆಗೆ ಕರೆದೊಯ್ದ. ಕೌಂಡಿನ್ಯ ಬಾಸೆಲ್‌ನ ಸೆಮಿನರಿಯಲ್ಲಿ ಜರ್ಮನ್ನರ ನಡುವೆ ಕೂತು ಓದಿ 1851ರಲ್ಲಿ ಮರಳಿದ. ಇನ್ನೊಬ್ಬ ಜರ್ಮನ್ ಮಿಷನರಿ ಕಿಟೆಲ್ ಮಂಗಳೂರಿಗೆ ಬಂದಾಗ ಅವನಿಗೆ ಇಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ಕನ್ನಡಕ್ಕೆ ಕೈಹಾಕಿ 1894ರಲ್ಲಿ ಕನ್ನಡ ನಿಘಂಟನ್ನು ನಮ್ಮ ಕೈಗಿಟ್ಟವನನ್ನು ನೆನೆದಾಗ, ಹದಿನಾಲ್ಕಕ್ಕೆ ತಡವಾಯಿತು ಅನ್ನುವವರ ಬಾಯಿ ಮುಚ್ಚಬೇಕು.

ಅದೇ ಚರಿತ್ರೆಗೆ ನೋವಿನ ಮುಖವೂ ಇದೆ. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟನ ಮಗಳು ಮರೀ 1842ರಲ್ಲಿ ಹುಟ್ಟಿದ್ದು ಮಲಬಾರಿನಲ್ಲಿ. ನಾಲ್ಕು ವರ್ಷದವಳಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಭಾರತಕ್ಕೆ ಮರಳಿದರು. ಆಗಿನ ಮಿಷನರಿಗಳಲ್ಲಿ ಅದೇ ರೂಢಿ. ತಾನು ಸುಖದ ಮಗುವಾಗಿರಲಿಲ್ಲ ಎಂದು ಅವಳೇ ಮುಂದೆ ನೆನೆದಿದ್ದಾಳೆ. ಈ ಮರೀಯ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ.

ಮಗುವನ್ನು ಬಿಟ್ಟು ಹೋಗುವ ಆ ಪ್ರಶ್ನೆ ಈಗಿನ ಮನೆಗಳಲ್ಲೂ ಬೇರೆ ವೇಷದಲ್ಲಿ ಬರುತ್ತದೆ: "ಟೆಂತ್ ಮುಗಿಯೋವರೆಗೂ ಅಜ್ಜಿ ಮನೇಲಿ ಇರಲಿ, ಪಿಯುಸಿ ಮುಗಿಸಿಯೇ ಬರಲಿ." ಇದರಲ್ಲಿ ಒಂದು ಸಿಕ್ಕು ಇದೆ. ನಮ್ಮ ಹನ್ನೆರಡನೇ ತರಗತಿಯ ಅಂಕಪಟ್ಟಿಯೊಂದೇ ಹಿಡಿದುಕೊಂಡು ಹೋದವರಿಗೆ ಜರ್ಮನ್ ವಿಶ್ವವಿದ್ಯಾಲಯ ಸಾಮಾನ್ಯವಾಗಿ ನೇರ ಪ್ರವೇಶ ಕೊಡುವುದಿಲ್ಲ. ಇಲ್ಲಿ ಪದವಿಯ ಒಂದಿಷ್ಟು ಓದು ಆಗಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್‌ಡ್ ಗೆದ್ದಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿನ ಪೂರ್ವಭಾವಿ ಕಾಲೇಜಿನ ದಾರಿ ಹಿಡಿಯಬೇಕು. ಮಗುವನ್ನು ಬಿಟ್ಟು ಹೋಗುವುದರಿಂದ ಶಾಲೆಯ ಚಿಂತೆ ತೀರುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ.

ಇಂಗ್ಲಿಷ್ ಮಾಧ್ಯಮದ ಇಂಟರ್‌ನ್ಯಾಷನಲ್ ಶಾಲೆಯ ವಿಷಯಕ್ಕೆ ಹೆಚ್ಚು ಮಾತು ಬೇಡ. ಎರಡು ವರ್ಷಕ್ಕೆಂದು ಹೋಗಿ ಮರಳುವವರಿಗೆ, ಫೀಸನ್ನು ಕಂಪನಿ ಕಟ್ಟುವುದಾದರೆ, ಅದೇ ಸರಿ. ದೊಡ್ಡ ನಗರಗಳ ಅನೇಕ ಶಾಲೆಗಳಲ್ಲಿ ವರ್ಷದ ಶುಲ್ಕ 15,000 ಯೂರೋ ದಾಟುತ್ತದೆ. ಉಳಿಯುವ ಮನಸ್ಸಿದ್ದವರಿಗೆ ಅದು ದುಬಾರಿ ತಾತ್ಸಾರ. ಊರಿನ ಭಾಷೆ ಹೊರಗೇ ಉಳಿಯುತ್ತದೆ.

ಉಳಿಯುವವರಿಗೆ ಎದುರಾಗುವ ನಿಜವಾದ ಪರೀಕ್ಷೆ ಪ್ರತಿಷ್ಠೆಯದು. ಮಗಳಿಗೆ ಗಿಮ್ನಾಸಿಯುಮ್ ಸಿಗದೆ ರೆಯಾಲ್‌ಶೂಲ ಸಿಕ್ಕಿತು ಎಂದ ಕೂಡಲೇ ಬೆಂಗಳೂರಿನ ಮನೆಯಲ್ಲಿ ಸೂತಕದ ಕಳೆ. ಇದು ತಿಳಿಯದೆ ಪಡುವ ದುಃಖ. ಗಿಮ್ನಾಸಿಯುಮ್‌ನಲ್ಲಿ ಜರ್ಮನ್, ಇಂಗ್ಲಿಷ್ ಸಾಲದೆಂದು ಫ್ರೆಂಚ್ ಅಥವಾ ಲ್ಯಾಟಿನ್ ಕೂಡ ಇರುತ್ತದೆ, ಉಳಿದ ಮಕ್ಕಳು ಅದನ್ನು ಆರು, ಏಳನೇ ತರಗತಿಯಲ್ಲೇ ಶುರುಮಾಡಿರುತ್ತಾರೆ. ಒಂಬತ್ತಕ್ಕೆ ಬಂದವಳು ಒಟ್ಟಿಗೆ ಎರಡು ಹೊಸ ಭಾಷೆ ಹೊರಬೇಕು. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ರೆಯಾಲ್‌ಶೂಲದ ಹತ್ತನೇ ತರಗತಿಯನ್ನು ಒಳ್ಳೆಯ ಅಂಕದಲ್ಲಿ ಮುಗಿಸಿದವರಿಗೆ ವೃತ್ತಿ ಗಿಮ್ನಾಸಿಯುಮ್ ಎಂಬ ಮೂರು ವರ್ಷದ ಶಾಲೆಯಿದೆ. ತಂತ್ರಜ್ಞಾನ, ಅರ್ಥಶಾಸ್ತ್ರ, ಜೀವತಂತ್ರಜ್ಞಾನ, ಹೀಗೆ ವಿಷಯ ಆರಿಸಿಕೊಳ್ಳಬಹುದು. ಎರಡನೇ ವಿದೇಶಿ ಭಾಷೆಯನ್ನು ಮೊದಲಿನಿಂದ ಕಲಿಯಬಹುದು. ಕೊನೆಗೆ ಸಿಗುವುದು ಗಿಮ್ನಾಸಿಯುಮ್‌ನವರಿಗೆ ಸಿಗುವ ಅದೇ ಅಬಿಟೂರ್ ಪ್ರಮಾಣಪತ್ರ, ಯಾವ ವಿಶ್ವವಿದ್ಯಾಲಯಕ್ಕೂ ಸಲ್ಲುವಂಥದ್ದು. ತಡವಾಗಿ ಬಂದ ಮಗುವಿಗೆ ಈ ದಾರಿಯೇ ಒಳ್ಳೆಯದೆಂದು ಬರಹಗಾರ ನಂಬಿದ್ದಾನೆ. ಒಂದು ವರ್ಷ ಹೆಚ್ಚು ಹಿಡಿಯಬಹುದು. ಹಿಡಿಯಲಿ. ಹದಿನೆಂಟಕ್ಕೇ ಎಲ್ಲ ಮುಗಿಯಬೇಕೆಂಬ ಆತುರ ನಮ್ಮದು, ಅಲ್ಲಿನವರದಲ್ಲ. ತರಗತಿಯೊಂದನ್ನು ಮತ್ತೆ ಓದುವುದು ಅಲ್ಲಿ ಅಪರೂಪದ ಸಂಗತಿಯೂ ಅಲ್ಲ.

ಅಂಕದ ಬಗ್ಗೆ ಅಜ್ಜಿಗೂ ಮೊದಲೇ ಹೇಳಿಡಬೇಕು. ಅಲ್ಲಿ 1 ಬಂದರೆ ಅತ್ಯುತ್ತಮ, 6 ಬಂದರೆ ನಪಾಸು. "ಅಜ್ಜೀ, ಗಣಿತದಲ್ಲಿ ಒಂದು ಬಂತು" ಎಂದು ಮೊಮ್ಮಗಳು ಫೋನಿನಲ್ಲಿ ಹಿಗ್ಗಿ ಹೇಳುವಾಗ ಈ ಕಡೆ ಅಜ್ಜಿ ದೇವರಿಗೆ ಹರಕೆ ಹೊರುವಂತಾಗಬಾರದು.

ಹೊರಡುವ ಕಾಲವೂ ಮುಖ್ಯ. ಮಾರ್ಚಿನ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹೋದರೆ ಜುಲೈ ಕೊನೆಯವರೆಗೆ ಪೂರ್ವಸಿದ್ಧತೆಯ ತರಗತಿ ಸಿಗುತ್ತದೆ. ಆಮೇಲೆ ಆರು ವಾರ ಬೇಸಿಗೆ ರಜೆ. ಸೆಪ್ಟೆಂಬರ್‌ನಲ್ಲಿ ಹೊಸ ವರ್ಷ ಶುರುವಾಗುವಾಗ ಹುಡುಗಿಗೆ ಟ್ರ್ಯಾಮ್ ಗೊತ್ತು, ಒಂದಿಬ್ಬರು ಗೆಳತಿಯರ ಹೆಸರೂ ಗೊತ್ತು. ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್‌ನಲ್ಲಿ ಜರ್ಮನ್‌ನ ಮೊದಲ ಹಂತ ಎ1 ಮುಗಿಸಿ ಹೋದರೆ ಇನ್ನೂ ಒಳ್ಳೆಯದು. ಅಪ್ಪ ಅಮ್ಮನೂ ಅವಳ ಜೊತೆ ಬೆಂಚಿನಲ್ಲಿ ಕೂರಬೇಕು, ಶಾಲೆಯ ಪತ್ರಗಳೆಲ್ಲ ಬರುವುದು ಜರ್ಮನ್‌ನಲ್ಲೇ.

ಕೊನೆಯದಾಗಿ ಒಂದು ಬಿನ್ನಹ. ಜರ್ಮನ್ ಬರಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸುವ ಕುಟುಂಬಗಳಿವೆ; ದಯವಿಟ್ಟು ಅದನ್ನು ಮಾಡಬೇಡಿ. ಜರ್ಮನಿಯ ಕೆಲವು ರಾಜ್ಯಗಳಲ್ಲಿ ತಡವಾಗಿ ಬಂದ ವಿದ್ಯಾರ್ಥಿ ತನ್ನ ಮನೆಮಾತಿನಲ್ಲಿ ಪರೀಕ್ಷೆ ಬರೆದು ಅದನ್ನು ವಿದೇಶಿ ಭಾಷೆಯೊಂದರ ಬದಲಿಗೆ ತೋರಿಸಬಹುದು, ಆ ಭಾಷೆಗೆ ಪರೀಕ್ಷಕರು ಸಿಕ್ಕರೆ. ಮಗು ಕನ್ನಡವನ್ನು ಮಾತಾಡುವುದಷ್ಟೇ ಅಲ್ಲ, ಓದಿ ಬರೆಯಲೂ ಬಲ್ಲದಾದರೆ ಮಾತ್ರ ಆ ಬಾಗಿಲು ತಟ್ಟಬಹುದು. ಪೆಟ್ಟಿಗೆಯಲ್ಲಿ ಸಾರಿನ ಪುಡಿಯ ಪಕ್ಕ ನಾಲ್ಕು ಕನ್ನಡ ಪುಸ್ತಕಗಳನ್ನೂ ಇಡಿ. ಮಗು ಸೇರುವ ಶಾಲೆಯಲ್ಲಿ ಮೊದಲ ಭೇಟಿಯಲ್ಲೇ ಈ ಪರೀಕ್ಷೆಯ ಬಗ್ಗೆ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.