ಬಾಜು ಮನಿ, ಬಾಜು ಜಿಲ್ಲಾ

ನಮ್ಮ ಕಲಬುರಗಿ ಮಂದಿಗಿ ಜಡ್ಡು ಜೋರಾದ್ರ ಎರಡೇ ಊರು ನೆನಪಾಗ್ತಾವ. ಸೊಲ್ಲಾಪುರ, ಇಲ್ಲಾ ಹೈದ್ರಾಬಾದ್. ನಮ್ಮ ಅತ್ತಿ ಕಾಲದಿಂದ್ಲೂ ಇದೇ ನಡದದ. ಬೆಂಗಳೂರು ರಾಜಧಾನಿ ಖರೆ, ಆದ್ರ ಎದಿ ಹಿಡಕೊಂಡು ಕುಂತ ಮನುಷ್ಯನ್ನ ಕರಕೊಂಡು ರಾತ್ರಿ ಪೂರ್ತಿ ರೈಲಿನ್ಯಾಗ ಹೋಗ್ಲಿಕ್ಕ ಆಗ್ತದೇನ್ರಿ? ಸೊಲ್ಲಾಪುರ ನೂರು ಕಿಲೋಮೀಟರ್ ಚಿಲ್ಲರ, ಅದು ಮಹಾರಾಷ್ಟ್ರ. ಹೈದ್ರಾಬಾದ್ ಇನ್ನೂರರ ಮ್ಯಾಲ, ಅದು ತೆಲಂಗಾಣ. ನಡುವ ಒಂದು ಗೆರಿ ಅದ ಅಂತ ನಮಗ ಯಾರಿಗೂ ಖಬರೇ ಇರಲಿಲ್ಲ. ಕೊರೊನಾ ಬಂದು ಖಬರ್ ಮಾಡಿಕೊಡ್ತು.

ದೇಶದಾಗ ಕೊರೊನಾದ ಮೊದಲ್ನೇ ಸಾವು ನಮ್ಮೂರಿನವರದೇ ಅಂಬೋದು ನಿಮಗೆಲ್ಲಾ ಗೊತ್ತೇ ಅದ. ಸೌದಿಯಿಂದ ಬಂದಿದ್ದ 76 ವರ್ಷದ ಹಿರಿಯರು. ಇಲ್ಲಿ ತೋರ್ಸಿ, ಹೈದ್ರಾಬಾದಿಗಿ ಒಯ್ದು, ಅಲ್ಲಿಂದ ವಾಪಸ್ ತರೋ ಹಾದ್ಯಾಗ 2020ರ ಮಾರ್ಚ್ 10ರ ರಾತ್ರಿ ತೀರಿಕೊಂಡ್ರು. ಅವರಿಗಿ ಇದ್ದದ್ದು ಕೊರೊನಾ ಅಂತ ಗಟ್ಟಿಯಾಗಿದ್ದು ಮಾರ್ಚ್ 12ಕ್ಕ. ಆವಾಗ ಗಂಟಲ ದ್ರವ ಬೆಂಗಳೂರಿಗಿ ಹೋಗಿ ಬರಬೇಕಿತ್ತು. ಆಮ್ಯಾಲ ಕಲಬುರಗಿ ಹೆಸರು ಹೇಳಿದ್ರ ಸಾಕು, ಮಂದಿ ಎರಡು ಹೆಜ್ಜಿ ಹಿಂದ ಸರೀತಿದ್ರು. ಬಾಡಿಗಿ ಮನಿಯವರು, ಪುಣೇದಾಗ ಕೆಲಸಕ್ಕಿದ್ದ ಹುಡುಗರು, ಎಲ್ಲರೂ ಅನುಭವಿಸ್ಯಾರ. ಅದನ್ನ ಬಿಡ್ರಿ. ನನ್ನ ತಲ್ಯಾಗ ಉಳಿದದ್ದು ಆ ಹಾದಿ. ಒಬ್ಬ ಜಡ್ಡಿನ ಮನುಷ್ಯ ಎರಡು ರಾಜ್ಯದ ನಡುವ ಅತ್ತಿಂದಿತ್ತ ಹೋಗಿ ಬಂದ್ರು. ಇಂಥ ಜಡ್ಡಿನವರು ಬಂದ್ರ ಯಾರು ಇಟ್ಕೋಬೇಕು, ಯಾರಿಗಿ ಫೋನ್ ಮಾಡ್ಬೇಕು ಅಂತ ಎರಡೂ ಕಡಿಯವರು ಮೊದಲೇ ಕುಂತು ಮಾತಾಡಿರಲಿಲ್ಲ.

ಎರಡ್ನೇ ಅಲಿ ಬಂದಾಗ, 2021ರ ಮೇ ತಿಂಗಳಾಗ, ನಮ್ಮ ಮನ್ಯಾಗ ಒಂದೇ ಒಂದು ಆಕ್ಸಿಮೀಟರ್ ಇತ್ತು. ಬೆರಳಿಗಿ ಹಾಕೋ ಆ ಸಣ್ಣ ಚಿಮಟಿಗಿ. ಅದು ಮೊದ್ಲ ನಮ್ಮ ಓಣ್ಯಾಗ ತಿರುಗ್ತು. ಆಮ್ಯಾಲ ಕಮಲಾಪುರದಾಗ ನಮ್ಮ ತಂಗಿ ಮನಿಗಿ ಹೋಯ್ತು, ಅಲ್ಲಿಂದ ಹುಮನಾಬಾದಿಗಿ ಆಕಿ ನಾದಿನಿ ಮನಿಗಿ. ಹುಮನಾಬಾದ್ ಅಂದ್ರ ಬೀದರ್ ಜಿಲ್ಲಾ. ಜಿಲ್ಲಾದಿಂದ ಜಿಲ್ಲಾಕ್ಕ ಹೋಗಂಗಿಲ್ಲ ಅಂತ ಲಾಕ್‌ಡೌನ್ ಇತ್ತಲ್ಲ, ಅದಕ್ಕ ಬಾಳೆಹಣ್ಣಿನ ಗಾಡ್ಯಾಗ ಕಳಸ್ತಿದ್ವಿ. ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟ್ಯಾಗ, ಪ್ಲಾಸ್ಟಿಕ್ ಚೀಲದಾಗ ಸುತ್ತಿದ ಯಂತ್ರ! ಜೋಡಿ ಒಂದು ಸಣ್ಣ ವಹಿನೂ ಹೋಗ್ತಿತ್ತು. ಯಾರ ಮನಿಗಿ ಬಂತು, ಯಾವ ದಿನ, ಎಷ್ಟು ತೋರಸ್ತು, ಸೆಲ್ ಯಾರು ಹಾಕಿದ್ರು. 94ಕ್ಕಿಂತ ಕೆಳಗಿ ಇದ್ರ ಕೆಂಪು ಪೆನ್ನಿಲೆ ಗೋಲ. ಇದನ್ನ ನಮಗ ಯಾರೂ ಕಲಿಸಿಕೊಟ್ಟಿಲ್ಲ. ಮದುವಿ ಮನ್ಯಾಗ ಆಯೇರಿ ಬರಕೋತೀವಲ್ಲ, ಯಾರು ಸೀರಿ ಕೊಟ್ರು, ಯಾರು ಎಷ್ಟು ರೊಕ್ಕ ಮಾಡಿದ್ರು ಅಂತ? ಅದೇ ರೂಢಿ. ಬರದಿಟ್ರ ಕೇಳೋರಿಗಿ ನಾಚಿಕಿಲ್ಲ, ಕೊಡೋರಿಗಿ ಸಂಶಯ ಇಲ್ಲ. ಹುಮನಾಬಾದಿನ ಆ ನಾದಿನಿ ಗಂಡಗ 88 ತೋರಸ್ತು. ಹೈದ್ರಾಬಾದಿಗಿ ಹೊಂಟಿದ್ರು, ಬಾರ್ಡರಿನಾಗ ತಡೀತಾರಂತ ಅಂತ ಕೇಳಿ ಬೀದರಿಗಿ ತಿರುಗಿಸಿದ್ರು. ಅಲ್ಲಿ ಹಾಸಿಗಿ ಸಿಕ್ತು, ಹದಿನಾಕು ದಿನಕ್ಕ ಮನಿಗಿ ಬಂದ್ರು.

ಬಾರ್ಡರಿನ ಮಾತು ಬರೇ ಗಾಳಿ ಸುದ್ದಿ ಅಲ್ರಿ. ಬ್ಯಾರೆ ರಾಜ್ಯದ ರೋಗಿಗಳು ಮೊದ್ಲ ದವಾಖಾನ್ಯಾಗ ಹಾಸಿಗಿ ಗಟ್ಟಿ ಮಾಡ್ಕೊಂಡು ಪರವಾನಗಿ ತಗೊಂಡೇ ಬರಬೇಕು ಅಂತ ತೆಲಂಗಾಣ ಸರಕಾರ ಸುತ್ತೋಲಿ ಹೊರಡಿಸಿತ್ತು. ಮೇ 14ಕ್ಕ ಅಲ್ಲಿನ ಹೈಕೋರ್ಟ್ ಅದಕ್ಕ ತಡೆ ಕೊಡ್ತು. ಅಷ್ಟರಾಗ ಗಡಿ ಮ್ಯಾಲ ಅಂಬುಲೆನ್ಸ್ ನಿಂತಿದ್ದನ್ನ ಎಲ್ಲರೂ ಟಿವಿದಾಗ ನೋಡಿದ್ವಿ. ಸಿಟ್ಟು ಬಂದಿತ್ತು ನನಗ. ಆದ್ರ ನಾವೇನು ಕಡಿಮಿ ಮಾಡೀವಿ? ಅದರ ಹಿಂದಿನ ವರ್ಷ ಮಾರ್ಚಿನಾಗ ನಮ್ಮ ಕರ್ನಾಟಕದವರೇ ಕಾಸರಗೋಡಿನ ಹಾದಿಗೋಳಿಗಿ ಮಣ್ಣು ಸುರುವಿ ಮುಚ್ಚಿದ್ರು. ಕಾಸರಗೋಡಿನವರಿಗಿ, ಅಲ್ಲಿನ ಕನ್ನಡದವರಿಗೂ, ದೊಡ್ಡ ದವಾಖಾನಿ ಅಂದ್ರ ಮಂಗಳೂರು. ನಮಗ ಸೊಲ್ಲಾಪುರ ಇದ್ದಂಗ. ಮಂಗಳೂರು ಮುಟ್ಟಲಿಕ್ಕಾಗದೇ ಜೀವ ಬಿಟ್ಟವರಿದ್ದಾರ. ಏಪ್ರಿಲ್ 1ಕ್ಕ ಕೇರಳ ಹೈಕೋರ್ಟ್ ಅಡ್ಡಗಟ್ಟಿ ತೆಗಿಸ್ರಿ ಅಂತ ಕೇಂದ್ರಕ್ಕ ಹೇಳ್ತು. ಏಪ್ರಿಲ್ 7ಕ್ಕ ಸುಪ್ರೀಂ ಕೋರ್ಟಿನಾಗ, ತಲಪಾಡಿದಾಗ ರೋಗಿಗಳನ್ನ ಹೆಂಗ ಬಿಡಬೇಕಂತ ಎರಡೂ ಕಡಿಗಿ ಒಪ್ಪಂದ ಆಗ್ಯಾದ ಅಂತ ತಿಳಿಸಿದ್ರು. ಒಪ್ಪಂದ ಆಗೂತನಾ ಹೋದ ಜೀವದ ಲೆಕ್ಕ ಯಾವ ವಹ್ಯಾಗ ಬರೀಬೇಕು?

ಬ್ಯಾರೆ ರಾಜ್ಯದ ಮಾತು ಹೋಗ್ಲಿ. ಒಂದೇ ರಾಜ್ಯದಾಗ ಏನಾಯ್ತು ನೋಡ್ರಿ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ದವಾಖಾನ್ಯಾಗ ಆಕ್ಸಿಜನ್ ತೀರ್ತು. ಸರಕಾರದ ಲೆಕ್ಕದಾಗೇ 24 ಮಂದಿ. ಅವರಿಗಿ ಸಿಲಿಂಡರ್ ತುಂಬಿ ಬರ್ತಿದ್ದದ್ದು ಬಾಜು ಮೈಸೂರಿನಿಂದ. ಆಮ್ಯಾಲ ಎರಡು ಜಿಲ್ಲಾದ ನಡುವ ಮಾತಿಗಿ ಮಾತು ಬೆಳೀತು, ಹೈಕೋರ್ಟ್ ಸಮಿತಿ ಮಾಡ್ತು. ಯಾರದು ತಪ್ಪು ಅಂತ ನಾ ಇಲ್ಲಿ ಹೇಳಲಿಕ್ಕ ಕುಂತಿಲ್ಲ. ಹಿಟ್ಟು ತೀರಿದಾಗ ಬಾಜು ಮನಿ ಬಾಗಲ ಬಡೀತೀವಿ ಖರೆ, ಆದ್ರ ಅವರ ಮನ್ಯಾಗೂ ಉಣ್ಣೋ ಮಂದಿ ಭಾಳ ಇದ್ರ ಏನು ಮಾಡ್ಬೇಕು ಅಂತ ಮೊದಲೇ ಮಾತಾಗಿರಬೇಕು, ಹೌದಲ್ಲೋ? ನಡುರಾತ್ರಿ ಫೋನಿನಾಗ ಆಗೋ ಮಾತಲ್ಲ ಅದು.

ಇನ್ನ ನಮ್ಮ ಮನಿದೇ ಹೇಳ್ತೀನಿ. ನಮ್ಮ ದೊಡ್ಡಕ್ಕನ್ನ ಶಹಾಪುರಕ್ಕ ಕೊಟ್ಟದ. ಯಾದಗಿರಿ ಜಿಲ್ಲಾ. ಅದೇ ಮೇ ತಿಂಗಳಾಗ ನಮ್ಮ ಮಾವ, ಅಂದ್ರ ಅಕ್ಕನ ಗಂಡ, ಉಸಿರು ಹತ್ತಲಾರದೇ ಕಲಬುರಗಿಗಿ ಬಂದ್ರು. ಆವಾಗ ಯಾದಗಿರಿದಾಗ ಮೆಡಿಕಲ್ ಕಾಲೇಜ್ ಇರಲಿಲ್ಲ, ಬರಬೇಕಾದ್ದು ಇಲ್ಲಿಗೇ. ಒಂದು ದವಾಖಾನಿ ಬಾಗಲದಾಗ (ಹೆಸರು ಬ್ಯಾಡ ಬಿಡ್ರಿ) ಆಧಾರ್ ಕಾರ್ಡ್ ನೋಡಿ, ನಿಮ್ಮ ಜಿಲ್ಲಾಕ್ಕ ಹೋಗ್ರಿ, ಇಲ್ಲಿ ನಮ್ಮವರಿಗೇ ಜಾಗ ಇಲ್ಲ ಅಂದ್ರು. ನಮ್ಮ ಜಿಲ್ಲಾ, ನಿಮ್ಮ ಜಿಲ್ಲಾ! ಯಾದಗಿರಿ 2009ರ ಕೊನಿತನಾ ಗುಲಬರ್ಗಾ ಜಿಲ್ಲಾದಾಗೇ ಇತ್ತಲ್ರಿ. ಮಾವ ಹುಟ್ಟಿದ್ದು, ಲಗ್ನ ಆಗಿದ್ದು ಎಲ್ಲಾ ಗುಲಬರ್ಗಾ ಜಿಲ್ಲಾದಾಗ, ಜಡ್ಡು ಬಿದ್ದಾಗಷ್ಟೇ ಬ್ಯಾರೆ ಜಿಲ್ಲಾದವರಾದ್ರು. ನಾಕು ತಾಸು ತಿರುಗಿ ಇನ್ನೊಂದು ಕಡಿ ಹಾಸಿಗಿ ಸಿಕ್ತು. ಮೂರ್ನೇ ದಿನ ಹೋಗಿಬಿಟ್ರು. ಆ ನಾಕು ತಾಸು ಉಳದಿದ್ರ ಮಾವ ಉಳೀತಿದ್ರು ಅಂತ ನಾ ಅನ್ನಂಗಿಲ್ಲ, ನಾ ಡಾಕ್ಟರ್ ಅಲ್ಲ. ಆದ್ರ ನಮ್ಮ ಅಕ್ಕ ಇವತ್ತಿಗೂ ಆ ನಾಕು ತಾಸು ಎಣಸ್ತಾಳ. ಒಲಿ ಮುಂದ ಕುಂತು ರೊಟ್ಟಿ ಬಡಿಯೋವಾಗ ನಡುವೇ ಕೈ ನಿಲ್ಲಸ್ತಾಳ.

ಬಾಗಲದಾಗ ನಿಂತಿದ್ದ ಆ ಹುಡುಗನ್ನೂ ನಾ ಬೈಯಂಗಿಲ್ಲ. ಅವನ ಕೈಯಾಗ ಒಂದು ಹಾಳಿ ಇದ್ದಿದ್ರ, ಯಾದಗಿರಿಯವರಿಗಿ ಇಷ್ಟು ಹಾಸಿಗಿ, ಬೀದರಿನವರಿಗಿ ಇಷ್ಟು, ತುಂಬಿದ್ರ ಮುಂದ ಈ ದವಾಖಾನಿ ಅಂತ, ಅವನು ಹಂಗ ಅಂತಿರಲಿಲ್ಲ. ಇದೇನು ಆಗಲಾರದ ಕೆಲಸ ಅಲ್ಲ. ಅಮೆರಿಕಾದಾಗ ಒಂದು ರಾಜ್ಯ ಇನ್ನೊಂದಕ್ಕ ಆಪತ್ತಿನಾಗ ಕೈ ಕೊಡ್ಲಿಕ್ಕ ಒಂದು ಒಪ್ಪಂದ ಅದ, 1996ರಾಗ ಅಲ್ಲಿನ ಪಾರ್ಲಿಮೆಂಟ್ ಒಪ್ಪಿಗಿ ಕೊಟ್ಟದ. ಈ ರಾಜ್ಯದ ನರ್ಸ್ ಆ ರಾಜ್ಯಕ್ಕ ಹೋದ್ರ ಲೈಸನ್ಸ್ ನಡೀತದ. ಖರ್ಚು ಕೇಳಿದವರದು. ಕೊಡೋರು ತಮ್ಮ ಮಂದಿಗಿ ಬೇಕಾಗೋದನ್ನ ಉಳಿಸಿಕೊಂಡೇ ಕೊಡಬಹುದು. ಕಡೀದು ನನಗ ಭಾಳ ಸೇರ್ತು. ನಮ್ಮ ಅತ್ತಿ ಕಡ ಕೊಡೋವಾಗ ಡಬ್ಬ್ಯಾಗ ನಾಳಿನ ರೊಟ್ಟಿಗಿ ಹಿಟ್ಟು ಬಿಟ್ಟೇ ಸೇರು ಅಳೀತಿದ್ರು, ಹಂಗಂತ ಇಲ್ಲ ಅಂತ ಯಾರನ್ನೂ ಕಳಿಸಿದ್ದಿಲ್ಲ. ನಮ್ಮಲ್ಲೂ 2005ರ ವಿಪತ್ತು ನಿರ್ವಹಣಾ ಕಾಯ್ದೆ ಅದ, ಜಿಲ್ಲಾಕ್ಕೊಂದು ಪ್ರಾಧಿಕಾರ, ಅದಕ್ಕ ಡಿಸಿ ಸಾಹೇಬ್ರೇ ಅಧ್ಯಕ್ಷರು, ಜಿಲ್ಲಾ ಪಂಚಾಯತಿ ಅಧ್ಯಕ್ಷರೂ ಜೋಡಿ ಇರ್ತಾರ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಪ್ರಾಧಿಕಾರದವರು ವರ್ಷಕ್ಕ ಒಂದು ಸಲ ಒಂದು ಚಾಪಿ ಮ್ಯಾಲ ಕೂಡ್ಲಿ, ಸೊಲ್ಲಾಪುರದವರನ್ನೂ ಕರೀಲಿ. ಚಹಾ ನಾವು ಮಾಡಿ ಕೊಡ್ತೀವಿ.

ಈಗ ದವಾಖಾನಿ ಹೆಚ್ಚಾಗ್ಯಾವ, ಸುಳ್ಳ್ಯಾಕ ಹೇಳ್ಲಿ. ಎದಿ ಜಡ್ಡಿಗಿ ಜಯದೇವದ 371 ಹಾಸಿಗಿ ದವಾಖಾನಿ 2024ರ ಡಿಸೆಂಬರಿನಾಗ ಕಲಬುರಗಿದಾಗೇ ಶುರು ಆಗ್ಯಾದ. ಬೀದರಿಗಿ 2017ರಿಂದ ರೈಲೂ ಅದ. ಆದ್ರ ನಾಳಿ ಮತ್ತೊಂದು ಜಡ್ಡು ಬಂದು ಗಡಿಗಿ ಬಡಗಿ ಅಡ್ಡ ಬಿದ್ರ ಯಾರ ಕೈಯಾಗ ಯಾವ ಹಾಳಿ ಅದ?

ಅವರು ಬರಿಯೋತನಾ ನಮ್ಮದು ನಾವು ಬರ್ಕೊಳ್ಳೋಣ. ನೀವು ಯಾವ ಊರಾಗ ಇದ್ದೀರಿ, ಹತ್ತಿರದ ದವಾಖಾನಿ ಯಾವುದು, ಅಂಬುಲೆನ್ಸ್ ಎಲ್ಲಿಂದ ಬರ್ತದ, ಮನ್ಯಾಗ ಆಕ್ಸಿಮೀಟರ್ ಅದನೋ ಇಲ್ಲೋ, ರೋಗಿ ಜೋಡಿ ಬಂದವರಿಗಿ ರಾತ್ರಿ ಮಲಗಲಿಕ್ಕ ಜಾಗ, ಎರಡು ರೊಟ್ಟಿ ಕೊಡ್ಲಿಕ್ಕ ಆಗ್ತದೋ ಇಲ್ಲೋ. ಇಷ್ಟೇ ಬರದು ಕಳಸ್ರಿ. ಫೋನಿನಾಗ ಅಲ್ಲ, ಹಾಳಿ ಮ್ಯಾಲ ಬರೀರಿ, ನಾ ಎಲ್ಲಾ ಒಂದು ವಹಿಗಿ ಇಳಿಸ್ತೀನಿ. ತಾಜಸುಲ್ತಾನಪುರದ್ದು ಆಗ್ಯಾದ. ಕಮಲಾಪುರದ್ದು ತಂಗಿ ಬರದಾಳ. ಶಹಾಪುರದ್ದು ನಮ್ಮ ಅಕ್ಕ ಎಲ್ಲರಕಿಂತ ಮೊದ್ಲ ಕಳಿಸ್ಯಾಳ, ಎರಡು ಹಾಳಿ ತುಂಬ. ಹುಮನಾಬಾದಿನವರದು ಬಾಕಿ ಅದ, ಜಲ್ದಿ ಮಾಡ್ರಿ.