ಹೊರಗೆ ದುಡಿಯುವ ಗಿಟಾರ್, ಮನೆಯಲ್ಲಿ ಉಳಿಯುವ ಗಿಟಾರ್

ಕಾರ್ಯಕ್ರಮಕ್ಕೆ ಹೋಗುವ ಗಿಟಾರ್ ಬೇರೆ, ಮನೆಯಲ್ಲಿ ಉಳಿಯುವ ಗಿಟಾರ್ ಬೇರೆ ಎಂಬುದು ಸಭಿಕರಲ್ಲಿ ಹೆಚ್ಚಿನವರಿಗೆ ತಿಳಿಯದು. ಮಂಗಳೂರಿನ ಆಸುಪಾಸಿನ ಮದುವೆ, ರೋಸ್, ಶಾಲಾ ವಾರ್ಷಿಕೋತ್ಸವಗಳಲ್ಲಿ ಆರ್ಕೆಸ್ಟ್ರಾದೊಂದಿಗೆ ನುಡಿಸುತ್ತ ಬಂದ ನಾವು ಅಣ್ಣತಮ್ಮಂದಿರು ಈ ಎರಡರ ನಡುವೆಯೇ ಬದುಕು ಕಟ್ಟಿಕೊಂಡವರು. ಅಣ್ಣನದು ಲೀಡ್, ತಮ್ಮನದು ಬೇಸ್.

ಹೊರಗೆ ಹೋಗುವ ಸಾಮಾನು ಹೆಚ್ಚಿಲ್ಲ. ಎರಡು ಎಲೆಕ್ಟ್ರಿಕ್ ಗಿಟಾರ್, ಒಂದು ಬೇಸ್, ಕಾಲಿನಿಂದ ಒತ್ತುವ ಎಫೆಕ್ಟ್ಸ್ ಪೆಡಲ್, ಕೇಬಲ್‌ಗಳು, ಹೊಸ ತಂತಿಯ ಸೆಟ್, ಇನ್ಸುಲೇಶನ್ ಟೇಪ್, ಒಂದು ಟೆಸ್ಟರ್. ಟೆಂಪೋದಲ್ಲಿ ಡ್ರಮ್ಸ್, ಕೀಬೋರ್ಡ್ ತುಂಬಿದ ಮೇಲೆ ಆಂಪ್ಲಿಫೈಯರಿಗೆ ಜಾಗ ಉಳಿಯುವುದಿಲ್ಲ. ಹಾಗಾಗಿ ಪೆಡಲಿನಿಂದ ನೇರವಾಗಿ ಸೌಂಡಿನವರ ಮಿಕ್ಸರಿಗೆ ಜೋಡಿಸುತ್ತೇವೆ.

ಗಿಟಾರ್‌ಗಳು ದುಬಾರಿಯವಲ್ಲ. ಆದರೆ ಲೀಡ್ ಗಿಟಾರಿನಲ್ಲಿ ಹಂಬಕರ್ ಪಿಕಪ್ ಇರಲೇಬೇಕು. ಒಂದೇ ಸುರುಳಿಯ ಪಿಕಪ್ ತಂತಿಯ ಕಂಪನದ ಜತೆಗೆ ಸುತ್ತಲಿನ ವಿದ್ಯುತ್ತಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪೆನಿಯ ಸೇತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಮಾಡಿದರು. ಜನರೇಟರ್ ಮತ್ತು ಸೀರಿಯಲ್ ಲೈಟುಗಳ ನಡುವೆ ನಿಂತು ನುಡಿಸುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಎಲ್ಲಕ್ಕಿಂತ ಮುಖ್ಯವಾದದ್ದು ಟೆಸ್ಟರ್. ಗಿಟಾರಿನ ತಂತಿ ಅರ್ತಿಂಗಿಗೆ ಸೇರಿರುತ್ತದೆ. ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ, ವಯರಿಂಗ್ ಸರಿಯಿಲ್ಲದಿದ್ದರೆ ಕರೆಂಟು ಮೈಯೊಳಗಿಂದಲೇ ಹಾದುಹೋಗುತ್ತದೆ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ವಿದ್ಯುದಾಘಾತಕ್ಕೆ ಬಲಿಯಾದರು. ಮಳೆ ಬಿದ್ದ ಮೈದಾನದಲ್ಲಿ ನಿಂತಾಗಲೆಲ್ಲ ನಮಗೆ ಅವರ ನೆನಪಾಗುತ್ತದೆ.

ಮನೆಯ ಕಪಾಟಿನಲ್ಲಿರುವುದು ನಮಗೆ ಕಲಿಸಿದ ಮಾಷ್ಟ್ರ ಗಿಟಾರ್. ಕೊಲ್ಲಿಯಲ್ಲಿದ್ದ ಸಂಬಂಧಿಕರು ಅವರಿಗೆ ತಂದುಕೊಟ್ಟದ್ದು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನಮ್ಮನ್ನು ಕರೆದು, "ಇದು ಇಲ್ಲಿ ಮೂಲೆಯಲ್ಲಿ ಬೀಳುವುದು ಬೇಡ, ನೀವು ನುಡಿಸಿ" ಎಂದು ಒಪ್ಪಿಸಿದರು. ಅದರ ಬೆನ್ನು, ಪಕ್ಕಗಳು ಬೀಟೆಯವು. ಬ್ರೆಜಿಲಿನ ರೋಸ್‌ವುಡ್ ದುರ್ಲಭವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪೆನಿ ಭಾರತದ ಬೀಟೆಯ ಕಡೆಗೆ ತಿರುಗಿತು. ನಮ್ಮ ಹಿರಿಯರ ಮಂಚಕ್ಕೂ ಅಮೆರಿಕದ ಗಿಟಾರಿಗೂ ಒಂದೇ ಜಾತಿಯ ಮರ!

ಆದರೆ ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮ ಕರಾವಳಿಯ ಮಳೆಗಾಲ ಅದನ್ನು ಎಲ್ಲಿ ಲೆಕ್ಕಿಸುತ್ತದೆ? ಮರ ನೀರು ಹೀರಿ ಮೇಲ್ಮೈ ಉಬ್ಬುತ್ತದೆ, ತಂತಿ ಎತ್ತರವಾಗಿ ಬೆರಳಿಗೆ ಒಗ್ಗದಾಗುತ್ತದೆ. ಅದಕ್ಕೆ ಜೂನ್‌ನಿಂದ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸುತ್ತೇವೆ. "ಮನುಷ್ಯರಿಗಿಲ್ಲದ ಉಪಚಾರ" ಎಂದು ಅಮ್ಮ ಗೊಣಗುತ್ತಾರೆ, ಬಲ್ಬು ಹೋದರೆ ಮೊದಲು ಹೇಳುವವರೂ ಅವರೇ.

2020ರಲ್ಲಿ ಲಾಕ್‌ಡೌನ್ ಬಂತು. ಮದುವೆಗಳಿಲ್ಲ, ಕಾರ್ಯಕ್ರಮಗಳಿಲ್ಲ. ಒಂದು ರಾತ್ರಿ ಎಲ್ಲ ಗಿಟಾರ್‌ಗಳನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು, ಯಾವುದನ್ನು ಮಾರುವುದೆಂದು ಕೂತೆವು. ಒಳ್ಳೆಯ ಬೆಲೆ ಬರುವುದು ಮನೆಯಲ್ಲಿದ್ದವಕ್ಕೆ. ದುಡಿಯುವವನ್ನು ಮಾರಿದರೆ ನಾಳೆ ಕಾರ್ಯಕ್ರಮ ಸಿಕ್ಕಿದಾಗ ಏನು ಮಾಡುವುದು? ಕೊನೆಗೆ ವರ್ಷಗಟ್ಟಲೆ ಹಣ ಕೂಡಿಸಿ ಆಸೆಯಿಂದ ಕೊಂಡಿದ್ದ ಎಲೆಕ್ಟ್ರಿಕ್ ಗಿಟಾರನ್ನು ಕೊಟ್ಟುಬಿಟ್ಟೆವು. ಮಾಷ್ಟ್ರದ್ದು ಉಳಿಯಿತು. ಆ ಹಣದಲ್ಲಿ ಮನೆ ನಡೆಯಿತು.

ಬ್ಲೂಸ್ ಗಾಯಕ ಬಿ.ಬಿ. ಕಿಂಗ್ 1949ರಲ್ಲಿ ಅಮೆರಿಕದ ಆರ್ಕನ್ಸಾದ ಟ್ವಿಸ್ಟ್ ಎಂಬ ಊರಿನಲ್ಲಿ, ಬೆಂಕಿ ಹತ್ತಿದ ಸಭಾಂಗಣದೊಳಗೆ 30 ಡಾಲರಿನ ತನ್ನ ಗಿಟಾರಿಗಾಗಿ ಮತ್ತೆ ನುಗ್ಗಿದ್ದರು. ಇತ್ತ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 2019ರಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರ್‌ಗಳನ್ನು ಹರಾಜು ಹಾಕಿ, ಬಂದ 2 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಪರಿಸರ ರಕ್ಷಣೆಗೆ ಕೊಟ್ಟರು. ಇಬ್ಬರ ಪ್ರೀತಿಯನ್ನೂ ನಾವು ಅನುಮಾನಿಸುವುದಿಲ್ಲ. ಆದರೆ ಹೊಟ್ಟೆಗಾಗಿ ವಾದ್ಯ ಮಾರುವವರ ದುಃಖ ಬೇರೆಯೇ. ಅದಕ್ಕೆ ಹರಾಜೂ ಇಲ್ಲ, ಸುದ್ದಿಯೂ ಇಲ್ಲ.

ಈಗ ಮಾಷ್ಟ್ರ ಗಿಟಾರನ್ನು ಸಂಜೆ ಹೊತ್ತು ಅಣ್ಣನ ಮಗಳು ನುಡಿಸುತ್ತಾಳೆ. ಅದನ್ನು ಸ್ಟೇಜಿಗೆ ಕೊಂಡುಹೋಗಬೇಕೆಂಬುದು ಅವಳ ಹಟ. ಅದಕ್ಕೆ ಪಿಕಪ್ ಇಲ್ಲ. ಕೂರಿಸಲು ಮರಕ್ಕೆ ತೂತು ಕೊರೆಯಬೇಕು ಎಂದೆವು. "ಕೊರೆಯದೆ ಸಿಕ್ಕಿಸುವಂಥದ್ದೂ ಸಿಗುತ್ತದಲ್ಲ ಚಿಕ್ಕಪ್ಪ" ಎಂದಳು. ಟೆಂಪೋದ ಕುಲುಕಾಟ, ಬೆವರು, ಮಳೆ ಎಂದೆಲ್ಲ ಹೇಳಿದೆವು. ನುಡಿಸಿ ಎಂದು ಮಾಷ್ಟ್ರ ಹೆಂಡತಿ ಹೇಳಿದ್ದು ಕಪಾಟಿನಲ್ಲಿ ಇಡಲಿಕ್ಕಲ್ಲವಲ್ಲ ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆಗಾಲ ಮುಗಿಯಲಿ, ಹತ್ತಿರದ ಕಾರ್ಯಕ್ರಮವಿದ್ದರೆ ಒಯ್ಯುವಾ ಎಂದಿದ್ದೇವೆ. ಮೈಕಿಗೆ ಟೆಸ್ಟರ್ ಹಿಡಿದು ನೋಡುವುದನ್ನು ಮಾತ್ರ ಅವಳಿಗೆ ಈಗಲೇ ಕಲಿಸಿದ್ದೇವೆ.